ಹಲವರ ಹಣ, ಒಂದೇ ನಿಧಿ: ಹೊಸ ದಾನಿಗಳಿಗೊಂದು ಪರಿಚಯ

ದೊಡ್ಡನೆಕ್ಕುಂದಿಯ ಹೊರ ವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ನಿಮಗೆ ಕೆಲಸವಿದೆ ಎಂದುಕೊಳ್ಳಿ. ಸಂಬಳದ ಚೀಟಿಯಲ್ಲಿ ಪಿ.ಎಫ್., ವೃತ್ತಿ ತೆರಿಗೆಗಳ ಕೆಳಗೆ ‘ದೇಣಿಗೆ 500’ ಎಂಬ ಸಾಲೊಂದು ಇರಬಹುದು. ನೀವು ಒಪ್ಪಿಗೆ ಕೊಟ್ಟರೆ ಮಾತ್ರ ಅದು ಅಲ್ಲಿ ಬರುತ್ತದೆ. ಆ ಐನೂರು ರೂಪಾಯಿ ಎಲ್ಲಿಗೆ ಹೋಗುತ್ತದೆ? ಅಲ್ಲಿಂದಲೇ ಶುರು ಮಾಡೋಣ.

ನೇರವಾಗಿ ಒಂದು ಸಂಸ್ಥೆಗೆ ಕೊಟ್ಟರೆ ಅದು ಬಿಡಿ ದಾನ. ಹಲವರ ಹಣವನ್ನು ಕೂಡಿಸಿ, ಊರಿನ ಹಲವು ಸಂಸ್ಥೆಗಳಿಗೆ ಹಂಚಿದರೆ ಅದು ಸಾಮೂಹಿಕ ನಿಧಿ. ಮಠದ ದಾಸೋಹಕ್ಕೆಂದು ದಿನವೂ ಹಿಡಿ ಅಕ್ಕಿ ಎತ್ತಿಡುವ ಪದ್ಧತಿ ನಿಮ್ಮ ಅಜ್ಜಿಗೆ ಗೊತ್ತಿದ್ದೀತು. ಇಲ್ಲಿಯೂ ಲೆಕ್ಕ ಅದೇ. 40 ಜನ ತಿಂಗಳಿಗೆ 500 ಕೊಟ್ಟರೆ ವರ್ಷಕ್ಕೆ 2,40,000 ರೂಪಾಯಿ. ಸಣ್ಣ ಸಂಸ್ಥೆಗೆ ಮೊತ್ತಕ್ಕಿಂತಲೂ ಹಣ ತಿಂಗಳು ತಪ್ಪದೆ ಬರುವುದೇ ದೊಡ್ಡದು. ಹುಟ್ಟುಹಬ್ಬಕ್ಕೆಂದು ನಾವು ಕೊಂಡೊಯ್ಯುವ ಕೇಕು, ಬಿಸ್ಕತ್ತಿನಿಂದ ಅಲ್ಲಿನ ಬಾಡಿಗೆ, ಕರೆಂಟ್ ಬಿಲ್ಲು, ಪಾಠ ಹೇಳುವವರ ಸಂಬಳ ಯಾವುದೂ ತೀರುವುದಿಲ್ಲ.

ಇಂಥ ನಿಧಿ ಹೊಸದೇನಲ್ಲ. 1887ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಫ್ರಾನ್ಸಿಸ್ ಜೇಕಬ್ಸ್ ಎಂಬ ಮಹಿಳೆ ಕೆಲವು ಧರ್ಮಗುರುಗಳ ಜೊತೆ ಸೇರಿ ಊರಿನ ಸೇವಾಸಂಸ್ಥೆಗಳಿಗೆಲ್ಲ ಒಟ್ಟಾಗಿ ಚಂದಾ ಎತ್ತಿದರು. ಅದೇ ಮುಂದೆ ಯುನೈಟೆಡ್ ವೇ ಆಯಿತು. ಬೆಂಗಳೂರಿನಲ್ಲೂ ಅದರ ಶಾಖೆಯಿದೆ. ಕಂಪನಿಗಳು ಮತ್ತು ನೌಕರರು ಕೊಟ್ಟ ಹಣದಿಂದ ಕೆರೆಗಳ ಪುನಶ್ಚೇತನ, ಅಂಗನವಾಡಿಗಳ ಸುಧಾರಣೆಯಂಥ ಕೆಲಸಗಳನ್ನು ಅದು ನಡೆಸುತ್ತದೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ 10ಕೆ ಓಟದ ಮೂಲಕವೂ ದೇಣಿಗೆ ಕೂಡುತ್ತದೆ, ಆದರೆ ಅದು ಬೇರೆ ಬಗೆ: ಅಲ್ಲಿ ಓಟಗಾರ ತನಗೆ ಬೇಕಾದ ಸಂಸ್ಥೆಯ ಹೆಸರಿನಲ್ಲೇ ಹಣ ಎತ್ತಬಹುದು.

ಈ ವ್ಯತ್ಯಾಸವನ್ನು ನಿಧಾನವಾಗಿ ಗಮನಿಸಿ. ಸಾಮೂಹಿಕ ನಿಧಿಗೆ ನೀವು ಹಣದ ಜೊತೆಗೆ ಆಯ್ಕೆಯನ್ನೂ ಒಪ್ಪಿಸುತ್ತೀರಿ. ಆದ್ದರಿಂದ ಫೋಟೋದಲ್ಲಿ ನಗುವ ಮಗುವನ್ನು ನೋಡಿ ತೀರ್ಮಾನಿಸಬೇಡಿ. ಆಯ್ಕೆ ಮಾಡುವವರು ಯಾರೆಂದು ಕೇಳಿ. ಸಂಸ್ಥೆಗಳನ್ನು ಯಾವ ಸಮಿತಿ ಆರಿಸುತ್ತದೆ? ಆ ಸಮಿತಿಯವರೇ ಹಣ ಪಡೆಯುವ ಸಂಸ್ಥೆಯಲ್ಲೂ ಇದ್ದಾರೆಯೇ? ಯಾರಿಗೆ ಎಷ್ಟು ಕೊಟ್ಟರೆಂದು ವಾರ್ಷಿಕ ವರದಿಯಲ್ಲಿ ಹೆಸರು ಸಮೇತ ಇದೆಯೇ? ನಿಧಿಯ ಸ್ವಂತ ಖರ್ಚಿಗೆ ಎಷ್ಟು ಹಿಡಿದುಕೊಳ್ಳುತ್ತಾರೆ? ಸ್ವಲ್ಪ ಹಿಡಿಯುವುದು ತಪ್ಪೇನಲ್ಲ. ಸಂಸ್ಥೆಗಳಿಗೆ ಹೋಗಿ ನೋಡಿ ಬರುವವರಿಗೂ ಸಂಬಳ ಬೇಕಲ್ಲ. ಎಲ್ಲವೂ ಪುಕ್ಕಟೆ ನಡೆಯುತ್ತದೆ ಎನ್ನುವವರ ಮೇಲೆಯೇ ನನಗೆ ಹೆಚ್ಚು ಅನುಮಾನ.

ಇನ್ನು ಎರಡು ಕಾನೂನು ಸಂಗತಿ. ಅಮೆರಿಕದ ಪೌರತ್ವ ಪಡೆದ ನಿಮ್ಮ ಅಣ್ಣ ಕೊಡುವುದು ‘ವಿದೇಶಿ ವಂತಿಗೆ’ ಎನಿಸುತ್ತದೆ. ವಿದೇಶಿ ವಂತಿಗೆಯ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಂಚುವುದೇ ಕೆಲಸವಾದ ನಿಧಿಗೆ ಇದು ಕೈ ಕಟ್ಟಿದಂತೆ. ಹಾಗಾಗಿ ಅಣ್ಣನವರು ವಿದೇಶಿ ವಂತಿಗೆ ಪಡೆಯಲು ಅನುಮತಿಯುಳ್ಳ ಸಂಸ್ಥೆಗೆ ನೇರವಾಗಿ ಕಳುಹಿಸುವುದೇ ಸರಿ.

ಎರಡನೆಯದು 80ಜಿ, ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಇದು ದಕ್ಕುತ್ತದೆ. 2,000 ರೂಪಾಯಿ ಮೀರಿದ ನಗದಿಗೆ ಸಿಗದು. ಕೊಡುವಾಗಲೇ ಪ್ಯಾನ್ ಸಂಖ್ಯೆ ಬರೆಸಿ, ರಸೀದಿಯಲ್ಲಿ ನಿಮ್ಮ ಹೆಸರು ಸರಿಯಾಗಿದೆಯೇ ನೋಡಿಕೊಳ್ಳಿ.