ಹಣ ಕೊಟ್ಟರೂ ಹಾಡು ಸಿಗದಿದ್ದರೆ?

ಆನ್‌ಲೈನ್‌ನಲ್ಲಿ ಹಾಡು ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳೆಂದರೆ ನನಗೆ ಪ್ರಾಣ. ಅವನ್ನು ಕೊಂಡುಕೊಳ್ಳಲೆಂದು ಅಮೆರಿಕದಲ್ಲಿರುವ ಮಗ ಅಲ್ಲಿನ ಆನ್‌ಲೈನ್ ಅಂಗಡಿಯ 25 ಡಾಲರ್ ಗಿಫ್ಟ್ ಕಾರ್ಡ್ ಕಳಿಸಿದ. ಇಲ್ಲಿ ಸಂಖ್ಯೆ ಹಾಕಿದರೆ ‘ಈ ಕಾರ್ಡ್ ನಿಮ್ಮ ದೇಶದಲ್ಲಿ ನಡೆಯುವುದಿಲ್ಲ’ ಎಂದು ಬರುತ್ತದೆ. ‘ಅವ್ವಾ, ಖಾತೆಯ ದೇಶಾನೇ ಬದಲಾಯಿಸಿಬಿಡು’ ಅಂತಾನೆ ಮಗ. ಬದಲಾಯಿಸಲೇ?
– ಓದುಗರು, ಗಾಜಿಪುರ, ಕಲಬುರಗಿ

ಉತ್ತರ: ಬೇಡ ತಾಯಿ. ಹೆಸರು ಒಂದೇ ಆದರೂ ಈ ಅಂಗಡಿಗಳು ದೇಶಕ್ಕೊಂದು. ದರ, ತೆರಿಗೆ, ಹಾಡುಗಳ ಪಟ್ಟಿ ಎಲ್ಲವೂ ಬೇರೆ ಬೇರೆ. ಧ್ವನಿಮುದ್ರಣದ ಕಂಪನಿಗಳು ಮಾರಾಟದ ಪರವಾನಗಿಯನ್ನು ಒಂದೊಂದು ದೇಶಕ್ಕೂ ಪ್ರತ್ಯೇಕವಾಗಿ ಕೊಡುವುದೇ ಇದಕ್ಕೆ ಮೂಲ ಕಾರಣ. ಆ್ಯಪಲ್‌ನ ಐಟ್ಯೂನ್ಸ್ ಅಂಗಡಿಯನ್ನೇ ನೋಡಿ, ಅದು ಅಮೆರಿಕದಲ್ಲಿ ತೆರೆದದ್ದು 2003ರ ಏಪ್ರಿಲ್ 28ರಂದು. ಭಾರತಕ್ಕೆ ಬಂದದ್ದು 2012ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಕೈಯಲ್ಲಿ ದುಡ್ಡಿದ್ದರೂ ನಮ್ಮವರು ಅಲ್ಲಿ ಹಾಡು ಕೊಳ್ಳುವಂತಿರಲಿಲ್ಲ.

ಖಾತೆಯ ದೇಶ ಬದಲಾಯಿಸಬೇಕಾದರೆ ಉಳಿಕೆ ಹಣ ಖಾಲಿ ಮಾಡಬೇಕು, ಚಾಲ್ತಿಯಲ್ಲಿರುವ ಚಂದಾ ರದ್ದು ಮಾಡಬೇಕು, ಆ ದೇಶದ ವಿಳಾಸ ಕೊಡಬೇಕು. ನೀವು ಗಾಜಿಪುರದಲ್ಲಿದ್ದು ಅಮೆರಿಕದ ವಿಳಾಸ ಬರೆದರೆ ಅದು ಸುಳ್ಳು ಮಾಹಿತಿ. ಮೊದಲು ಕೊಂಡ ಹಾಡುಗಳಲ್ಲಿ ಕೆಲವು ಹೊಸ ದೇಶದ ಪಟ್ಟಿಯಲ್ಲಿ ಇಲ್ಲದೆಯೂ ಹೋಗಬಹುದು. ಕಾರ್ಡನ್ನು ಮಗನೇ ಅಲ್ಲಿ ಬಳಸಿಕೊಳ್ಳಲಿ. ಅಷ್ಟೇ ಹಣವನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕಲಿ. ನೀವು ಭಾರತದ ಅಂಗಡಿಯಲ್ಲಿ ಯುಪಿಐ ಮೂಲಕ ಕೊಂಡುಕೊಳ್ಳಿ. ಹಣ ಕಟ್ಟುವ ಮೊದಲು ‘ಡೌನ್‌ಲೋಡ್’ ಎಂಬ ಮಾತು ಇದೆಯೇ ಎಂದು ನೋಡಿ. ಬರೀ ‘ಕೇಳಿ’ ಎಂದಿದ್ದರೆ ಅದು ಚಂದಾ, ಖರೀದಿಯಲ್ಲ.

ಪ್ರಶ್ನೆ: ಕೆಲವು ವರ್ಷದ ಹಿಂದ ಒಂದು ಆನ್‌ಲೈನ್ ಅಂಗಡ್ಯಾಗ ರೊಕ್ಕ ಕೊಟ್ಟು ಹಾಡು ತಗೊಂಡಿದ್ದೆ. ಈಗ ಖಾತೆ ತೆಗದು ನೋಡಿದ್ರ ಅದರಾಗ ಏಳೆಂಟು ಹಾಡು ಇಲ್ಲೇ ಇಲ್ಲ. ಕೇಳಿದ್ರ ‘ಹಕ್ಕಿನ ಅವಧಿ ಮುಗಿದದ’ ಅಂತಾರ. ಕೊಂಡ ಮಾಲು ವಾಪಸ್ ತಗೊಳ್ಳಾಕ ಬರ್ತದೇನ್ರಿ?
– ಓದುಗರು, ಕಮಲಾಪುರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅನೇಕ ಅಂಗಡಿಗಳು ‘ಖರೀದಿಸಿ’ ಎಂದು ಗುಂಡಿ ಇಟ್ಟು, ಷರತ್ತುಗಳಲ್ಲಿ ಮಾತ್ರ ‘ಕೇಳುವ ಪರವಾನಗಿ’ ಎಂದು ಬರೆದಿರುತ್ತವೆ. ಇದು ತಪ್ಪೆಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಕಾನೂನನ್ನೇ ಮಾಡಿತು. ಮುಂದೆ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕನ್ನು ಮಾರುವವರು, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು 2025ರ ಜನವರಿ 1ರಿಂದ ಅಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

ನಮ್ಮಲ್ಲೂ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳೂ ಸೇರಿವೆ. ಮೊದಲು ಅಂಗಡಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ರಸೀದಿ, ಹಣ ಸಂದಾಯದ ದಾಖಲೆ, ಖಾತೆಯ ಸ್ಕ್ರೀನ್‌ಶಾಟ್ ಜೊತೆಗಿಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಗೂ ಬಗೆಹರಿಯದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ಆದರೆ ಘಟನೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಇನ್ನು ಮುಂದೆ ಹಾಡು ಕಳೆದುಕೊಳ್ಳದಿರಲು ಒಂದು ಉದಾಹರಣೆ ನೋಡಿ. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆದು, ಮರುವರ್ಷವೇ ಮುಚ್ಚಿತು. ಅಲ್ಲಿ ನಕಲು ತಡೆಯುವ ಬೀಗವಿಲ್ಲದ ಎಂಪಿ3 ಕೊಡುತ್ತಿದ್ದರು. ಇಳಿಸಿ ಇಟ್ಟುಕೊಂಡವರ ಕಂಪ್ಯೂಟರಿನಲ್ಲಿ ಆ ಹಾಡುಗಳು ಇಂದೂ ಹಾಡುತ್ತವೆ. ಆದ್ದರಿಂದ ಕೊಂಡ ದಿನವೇ ಇಳಿಸಿಕೊಳ್ಳಿ, ಎರಡು ಕಡೆ ಪ್ರತಿ ಇಡಿ.

ಪ್ರಶ್ನೆ: ಕೆಲಸಕ್ಕೆಂದು ದುಬೈಗೆ ಬಂದಿದ್ದೇವೆ. ಕಲಬುರಗಿಯಲ್ಲಿದ್ದಾಗ ಜೋಡಿಸಿಕೊಂಡ ಪಟ್ಟಿಯಲ್ಲಿ ಹಲವು ಕನ್ನಡ ಹಾಡು ಇಲ್ಲಿ ಬೂದು ಬಣ್ಣಕ್ಕೆ ತಿರುಗಿವೆ, ಒತ್ತಿದರೆ ಹಾಡುವುದಿಲ್ಲ. ಗೆಳೆಯರು ವಿಪಿಎನ್ ಹಾಕಿಕೊಳ್ಳಿ ಅನ್ನುತ್ತಾರೆ. ಸರಿಯೇ?
– ಓದುಗ ದಂಪತಿ, ದುಬೈ

ಉತ್ತರ: ಆ ದಾರಿ ಹಿಡಿಯಬೇಡಿ. ನೀವಿರುವ ದೇಶದಲ್ಲಿ, ಇಂಟರ್ನೆಟ್ ವಿಳಾಸ ಮರೆಸುವ ವಿಪಿಎನ್‌ನ ಬಳಕೆಯೇ ಅಪರಾಧವಲ್ಲ. ಆದರೆ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಇಂಟರ್ನೆಟ್ ವಿಳಾಸ ಮರೆಸಿದರೆ, 2021ರ ಸೈಬರ್ ಕಾನೂನಿನಂತೆ ಕನಿಷ್ಠ 5 ಲಕ್ಷ ದಿರ್ಹಂ ದಂಡವಿದೆ. ಹಾಡಿನ ಆಸೆಗೆ ಅಂಥ ಅಪಾಯ ಮೈಮೇಲೆ ಎಳೆದುಕೊಳ್ಳಬಾರದು. ಸೇವೆಯ ಷರತ್ತು ಮುರಿದಿರೆಂದು ಖಾತೆಯೂ ಹೋಗಬಹುದು.

ಹಾಡು ಬೂದಾಗುವುದು ಕರಾರಿನಿಂದ. ಚಿತ್ರದ ಆಡಿಯೋ ಹಕ್ಕು ಮಾರುವಾಗ ಯಾವ ದೇಶಗಳಿಗೆ ಎಂದು ಬರೆಯುತ್ತಾರೆ. ವಿದೇಶದ ಹಕ್ಕು ಇನ್ನೊಬ್ಬರ ಕೈಯಲ್ಲಿದ್ದರೆ, ಅಥವಾ ಕ್ಯಾಸೆಟ್ ಕಾಲದ ಕರಾರಿನಲ್ಲಿ ಇಂಟರ್ನೆಟ್ಟಿನ ಮಾತೇ ಇಲ್ಲದಿದ್ದರೆ, ಹಾಡು ಗಡಿಯಲ್ಲೇ ನಿಲ್ಲುತ್ತದೆ. ಯುರೋಪ್ ಒಕ್ಕೂಟ 2018ರ ಏಪ್ರಿಲ್‌ನಿಂದ, ಹಣ ಕೊಟ್ಟ ಚಂದಾದಾರರು ಒಕ್ಕೂಟದ ಬೇರೆ ದೇಶಕ್ಕೆ ತಾತ್ಕಾಲಿಕವಾಗಿ ಹೋದರೂ ತಮ್ಮ ಹಾಡು ತಮಗೆ ಸಿಗಬೇಕೆಂದು ನಿಯಮ ಮಾಡಿತು. ಕೊಲ್ಲಿಗೆ ದುಡಿಯಲು ಹೋಗುವ ನಮ್ಮವರಿಗೆ ಅಂಥ ರಕ್ಷಣೆ ಇಲ್ಲ, ಇರಬೇಕು.

ಮುಂದಿನ ಸಲ ಊರಿಗೆ ಬಂದಾಗ ನಿಮಗೆ ಬೇಕಾದ ಹಾಡುಗಳನ್ನು ಬೀಗವಿಲ್ಲದ ಕಡತವಾಗಿ ಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಬೂದಾದ ಹಾಡಿನ ಹೆಸರು, ದೇಶದ ಹೆಸರು ಬರೆದು ಹಕ್ಕುದಾರ ಆಡಿಯೋ ಕಂಪನಿಗೆ ಮಿಂಚಂಚೆ ಕಳಿಸಿ. ಕೇಳುಗರಿದ್ದಾರೆಂದು ಗೊತ್ತಾಗದೆ ಅವರು ಆ ದೇಶಕ್ಕೆ ಹಾಡು ಬಿಡುವುದಿಲ್ಲ.

ಪ್ರಶ್ನೆ: ಅಪ್ಪ ಜೋಪಾನ ಮಾಡಿದ ಗ್ರಾಮಫೋನ್ ಪ್ಲೇಟುಗಳೂ ಭಾವಗೀತೆಯ ಕ್ಯಾಸೆಟ್ಟುಗಳೂ ಮನೆಯಲ್ಲಿವೆ. ನಮ್ಮ ಭಜನಾ ಮಂಡಳಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನೂ ಹಾಡುತ್ತದೆ. ಇವನ್ನೆಲ್ಲ ಅಂತರ್ಜಾಲಕ್ಕೆ ಏರಿಸಬಹುದೇ?
– ಓದುಗರು, ಕಲಬುರಗಿ

ಉತ್ತರ: ಮೂರಕ್ಕೂ ಲೆಕ್ಕ ಬೇರೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1960ರಲ್ಲಿ ಬಂದ ಪ್ಲೇಟಿನ ಧ್ವನಿಮುದ್ರಣ 2021ರ ಜನವರಿ 1ರಿಂದ ಮುಕ್ತ. ಅಮೆರಿಕದಲ್ಲಿ ಈ ಅವಧಿ ಇನ್ನೂ ದೀರ್ಘ. ಹಾಗಾಗಿ ಇಲ್ಲಿ ಮುಕ್ತವಾದ ಪ್ಲೇಟು ಅಲ್ಲಿ ಇನ್ನೂ ಬೀಗದೊಳಗೇ ಇರಬಹುದು.

ಕ್ಯಾಸೆಟ್ಟಿಗೆ ಉದಾಹರಣೆಯಾಗಿ ‘ನಿತ್ಯೋತ್ಸವ’ವನ್ನೇ ನೋಡಿ. 1978ರಲ್ಲಿ ಬಂದ ಆ ಕ್ಯಾಸೆಟ್ಟಿನ ಧ್ವನಿಮುದ್ರಣದ ಹಕ್ಕು 2038ರ ಕೊನೆಯವರೆಗೆ. ಕವಿತೆಗೂ ರಾಗಸಂಯೋಜನೆಗೂ ಕರ್ತೃ ತೀರಿಕೊಂಡ ಮೇಲೆ 60 ವರ್ಷ. ರಾಗ ಹಾಕಿದ ಮೈಸೂರು ಅನಂತಸ್ವಾಮಿ ತೀರಿಕೊಂಡದ್ದು 1995ರಲ್ಲಿ, ಆದ್ದರಿಂದ ಅವರ ಸಂಯೋಜನೆಗೆ 2055ರವರೆಗೆ, ಕವಿ ಕೆ.ಎಸ್. ನಿಸಾರ್ ಅಹಮದ್ 2020ರಲ್ಲಿ, ಆದ್ದರಿಂದ ಕವಿತೆಗೆ 2080ರವರೆಗೆ. ಒಂದೇ ಹಾಡು, ಮೂರು ಹಕ್ಕು, ಮೂರು ಅವಧಿ. ಇಂಥ ಕ್ಯಾಸೆಟ್ಟನ್ನು ಮನೆಯಲ್ಲಿ ಕೇಳಿ, ಅನುಮತಿಯಿಲ್ಲದೆ ಏರಿಸಬೇಡಿ.

ಮಡಿವಾಳಪ್ಪನವರ ಪದಗಳಿಗೆ ಈಗ ಯಾರ ಹಕ್ಕೂ ಇಲ್ಲ. ಪರಂಪರೆಯ ಧಾಟಿಯಲ್ಲಿ ನೀವೇ ಹಾಡಿ, ನೀವೇ ಮುದ್ರಿಸಿಕೊಂಡರೆ ಆ ಧ್ವನಿಮುದ್ರಣ ನಿಮ್ಮದು. ಹಾಡುಗಳನ್ನು ಅಂಗಡಿಗಳಿಗೆ ತಲುಪಿಸುವ ಸಂಸ್ಥೆಗಳ ಅರ್ಜಿಯಲ್ಲಿ ‘ಯಾವ ದೇಶಗಳಲ್ಲಿ?’ ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ‘ಎಲ್ಲ ದೇಶಗಳು’ ಎಂದು ಗುರುತು ಹಾಕಿ. ಬರೀ ಭಾರತ ಎಂದಿಟ್ಟರೆ ದುಬೈಯಲ್ಲಿರುವ ಕೇಳುಗರಿಗೆ ನಿಮ್ಮ ಪದ ಕೇಳಿಸದು. ಮೂಲ ಕಡತ ನಿಮ್ಮ ಬಳಿಯೇ ಇರಲಿ. ಸಹಿ ಮಾಡುವ ಮುನ್ನ ಕರಾರನ್ನು ವಕೀಲರಿಗೆ ತೋರಿಸಿ.

ಎಲ್ಲ ಓದುಗರಿಗೂ ನನ್ನದೊಂದು ಮಾತು. ಕಲಾವಿದರೇ ನೇರವಾಗಿ ಕಡತ ಮಾರುವ ಕಡೆ ಹಾಡು ಕೊಳ್ಳಿ. ಕಡತ ಕೈಗೆ ಕೊಡದ ಅಂಗಡಿಗೆ ಖರೀದಿಯ ಹೆಸರಿನಲ್ಲಿ ಹಣ ಕೊಡಬೇಡಿ.