ಸೈಟು ಮಾರುವ ಮುಂಚೆ ಒಂದು ಪರೀಕ್ಷೆ

ಹಿರಿಯರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ದುಡ್ಡಿನ ಮಾತೆತ್ತುವುದೇ ಪಾಪ ಎನ್ನುವಂತಿರುತ್ತದೆ. ನಮ್ಮಲ್ಲೂ ಹಾಗೇ ಇತ್ತು. ಅಮ್ಮನಿಗೆ ಎಪ್ಪತ್ತಾರು. ಬೀಡಿ, ಹೊಗೆಸೊಪ್ಪು ಮುಟ್ಟಿದವಳಲ್ಲ. ಸೌದೆ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದವಳು. ಬಿಡದ ಕೆಮ್ಮಿಗೆ ಸ್ಕ್ಯಾನ್ ಮಾಡಿಸಿದರೆ ಬಲ ಶ್ವಾಸಕೋಶದಲ್ಲಿ ಗಡ್ಡೆ, ಸುತ್ತ ನೀರು, ಆ ನೀರಿನಲ್ಲೂ ಕ್ಯಾನ್ಸರ್ ಕೋಶಗಳು. ಅಂದರೆ ನಾಲ್ಕನೇ ಹಂತ, ಆಪರೇಷನ್ ಮಾತೇ ಇಲ್ಲ. ಅದೇ ವಾರ ತಮ್ಮ ತಿಪಟೂರಿನ ಸೈಟಿಗೆ ಗಿರಾಕಿ ಹುಡುಕತೊಡಗಿದ.

ಅವನ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಯಾವ ಔಷಧಿ, ಅದರಿಂದ ಏನು ಸಿಗುತ್ತದೆ ಎಂದು ತಿಳಿಯುವ ತನಕ ಆಸ್ತಿ ಮಾರುವುದು ಬೇಡ ಎಂದು ನಾನು ಹಟ ಹಿಡಿದೆ. ಆಸ್ಪತ್ರೆಗೆ ದುಡ್ಡು ಬೇಕು ಎಂದು ಬಾಯಿಬಿಟ್ಟರೆ ಸಾಕು, ದಲ್ಲಾಳಿ ರೇಟು ಇಳಿಸುತ್ತಾನೆ. ಮೊದಲ ಖರ್ಚು ಆಗಬೇಕಾದ್ದು ಬಯಾಪ್ಸಿ ತುಣುಕಿನ ಜೀನ್ ಪರೀಕ್ಷೆಗೆ. ಕೀಮೋ ಕೊಡಬೇಕೋ, ಮಾತ್ರೆ ಸಾಕೋ ಎಂಬುದು ಬಹುಮಟ್ಟಿಗೆ ನಿಲ್ಲುವುದು ಅದರ ಮೇಲೆ. ಧೂಮಪಾನ ಮಾಡದ ಏಷ್ಯಾದ ಹೆಂಗಸರಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಹೆಚ್ಚಾಗಿ ಕಾಣುತ್ತದೆ. ಅಮ್ಮನ ವರದಿಯಲ್ಲೂ ಅದೇ ಬಂತು.

ಅಲ್ಲಿಗೆ ಮುಂದಿದ್ದದ್ದು ಎರಡು ಮಾತ್ರೆ. ಹಳೆಯ ಜೆಫಿಟಿನಿಬ್‌ನ ಜನರಿಕ್ ತಿಂಗಳಿಗೆ ಕೆಲವು ಸಾವಿರಕ್ಕೆ ಸಿಗುತ್ತದೆ. ಹೊಸ ಒಸಿಮೆರ್ಟಿನಿಬ್‌ಗೆ ನಮಗೆ ಹೇಳಿದ್ದು ತಿಂಗಳಿಗೆ ಲಕ್ಷದ ಮೇಲೆ. 2024ರ ಬಜೆಟ್‌ನಲ್ಲಿ ಅದರ ಸೀಮಾಸುಂಕ ತೆಗೆದ ಮೇಲಿನ ಮಾತಿದು. “ಒಳ್ಳೇದನ್ನೇ ಕೊಡ್ಸೋಣ ಅಣ್ಣ” ಎಂದ ತಮ್ಮ. ಎಷ್ಟು ಒಳ್ಳೆಯದು ಎಂದು ಡಾಕ್ಟರನ್ನೇ ಕೇಳಿದೆವು. ಫ್ಲೌರಾ ಎಂಬ ದೊಡ್ಡ ಅಧ್ಯಯನದಲ್ಲಿ ಹೊಸ ಮಾತ್ರೆ ತೆಗೆದುಕೊಂಡವರ ಮಧ್ಯಮ ಆಯುಷ್ಯ 38.6 ತಿಂಗಳು, ಹಳೆಯ ಪೀಳಿಗೆಯ ಮಾತ್ರೆಯವರದು 31.8. ಏಷ್ಯಾದ ರೋಗಿಗಳನ್ನಷ್ಟೇ ಬಿಡಿಸಿ ನೋಡಿದಾಗ ಆಯುಷ್ಯದಲ್ಲಿ ಆ ಅಂತರ ಕಾಣಲಿಲ್ಲ. ಒಂದು ಗುಂಪಿನ ಲೆಕ್ಕವನ್ನೇ ಕೊನೆಯ ಮಾತು ಎನ್ನಬೇಡಿ ಎಂದೂ ಡಾಕ್ಟರು ಎಚ್ಚರಿಸಿದರು: ರೋಗ ಮಿದುಳಿಗೆ ಹೋಗಿದ್ದರೆ ಹೊಸದೇ ಮೇಲು. ಎಂ.ಆರ್.ಐ. ಮಾಡಿಸಿದೆವು, ಮಿದುಳು ಸ್ವಚ್ಛವಾಗಿತ್ತು. ಹಳೆಯ ಮಾತ್ರೆ ಸೋತವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಟಿ790ಎಂ ಎಂಬ ಇನ್ನೊಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಅಂಥವರಿಗೆ ಆಗ ಒಸಿಮೆರ್ಟಿನಿಬ್ ಕೊಡಬಹುದು. ಹಾಗಾಗಿ ಹಳೆಯ ಮಾತ್ರೆಯಿಂದಲೇ ಶುರು ಮಾಡುವುದೆಂದಾಯಿತು.

ಇಷ್ಟೆಲ್ಲ ಆಗುವ ತನಕ ರೋಗಿಯನ್ನು ಯಾರೂ ಕೇಳಿರಲಿಲ್ಲ. ಅಮ್ಮ ಅಂಗೈಯಲ್ಲಿ ಮಾತ್ರೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು. “ಇದು ತಗೊಂಡ್ರೆ ಊಟ ಸೇರುತ್ತಾ? ಆಸ್ಪತ್ರೇಲಿ ಮಲಗಿಸ್ಬೇಡ್ರಪ್ಪ, ಮನೇಲಿದ್ದು ಏನು ಬೇಕಾದ್ರೂ ನುಂಗ್ತೀನಿ” ಎಂದಳು. ತಮ್ಮ ಆಮೇಲೆ ಸೈಟಿನ ಸುದ್ದಿ ಎತ್ತಲಿಲ್ಲ.

ವಿಮೆ ಇರಲಿಲ್ಲ. ಕಾಯಿಲೆ ಗೊತ್ತಾದ ಮೇಲೆ ಪಾಲಿಸಿ ಹುಡುಕುವುದು ದಂಡ; ಮೊದಲೇ ಇರುವ ರೋಗಕ್ಕೆ ಮೂರು ವರ್ಷದವರೆಗೂ ಕಾಯಿಸಬಹುದು. ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದಿದ್ದ ನನಗೆ 80ಡಿಡಿಬಿ ಸೆಕ್ಷನ್ ಅಡಿ ಅಮ್ಮನ ಚಿಕಿತ್ಸೆಯ ಖರ್ಚಿಗೆ ಒಂದು ಲಕ್ಷದವರೆಗಿನ ವಿನಾಯಿತಿ ಸಿಕ್ಕಿತು. ಅದಕ್ಕೆ ಕ್ಯಾನ್ಸರ್ ತಜ್ಞರ ಚೀಟಿ ಬೇಕು. ಬಿಲ್ಲುಗಳ ಜೊತೆಗೇ ಇಟ್ಟುಕೊಳ್ಳಿ.

ಉಳಿಸಿದ ಹಣಕ್ಕೆ ಬೇರೆ ಕೆಲಸವಿದೆ. ಉಸಿರು ಕಟ್ಟಿದಾಗ ಆಕ್ಸಿಜನ್ ಯಂತ್ರದ ಬಾಡಿಗೆ, ರಾತ್ರಿ ನೋಡಿಕೊಳ್ಳುವವರ ಸಂಬಳ, ಬೆಂಗಳೂರಿಗೆ ಕಾರಿನ ಖರ್ಚು ಇವು ಆಸ್ಪತ್ರೆಯ ಯಾವ ಅಂದಾಜು ಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕೆಂದೇ ಎಫ್‌.ಡಿ.ಯನ್ನು ಸಣ್ಣಸಣ್ಣದಾಗಿ ಒಡೆದು ಇಟ್ಟೆವು, ಒಂದು ಮುರಿಸಿದರೆ ಉಳಿದದ್ದರ ಬಡ್ಡಿ ಹೋಗದಂತೆ. ನೋವು, ಉಸಿರಾಟ ನೋಡುವ ಪಾಲಿಯೇಟಿವ್ ವೈದ್ಯರನ್ನು ಮೊದಲ ತಿಂಗಳೇ ಕಂಡೆವು. ಅದನ್ನು ಕೈಚೆಲ್ಲಿದಂತೆ ಎಂದುಕೊಳ್ಳುವವರೇ ಹೆಚ್ಚು. ಬಾಸ್ಟನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದು ಇಂಥ ಆರೈಕೆಯನ್ನು ಮೊದಲೇ ಪಡೆದವರ ಮಧ್ಯಮ ಆಯುಷ್ಯ 11.6 ತಿಂಗಳು, ಪಡೆಯದವರದು 8.9. ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ.

ಈಗ ಅಮ್ಮನ ಮುಖದಲ್ಲಿ ಮೊಡವೆಯಂಥ ಗುಳ್ಳೆ, ಆಗಾಗ ಭೇದಿ. ಊಟ ಸೇರುತ್ತಿದೆ. ಮುಂದಿನ ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆದಿದ್ದರೆ ಟಿ790ಎಂ ಪರೀಕ್ಷೆ, ಅದು ಇದ್ದರೆ ಹೊಸ ಮಾತ್ರೆ, ಬೇಕಾದರೆ ಆಗ ಸೈಟು. ಟಿ790ಎಂ ಇಲ್ಲದಿದ್ದರೆ ಕೀಮೋ ಬೇಡ ಎಂದು ಅಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಾಳೆ. ತಮ್ಮ ಒಪ್ಪಿದ್ದಾನೆ, ನಾನೂ ಒಪ್ಪಿದ್ದೇನೆ.