ಅಮ್ಮನ ಸೂಟ್‌ಕೇಸಿನಲ್ಲಿ ಮಿಕ್ಸಿ ಬರಲಿ, ಗ್ರೈಂಡರ್ ಬೇಡ

ಪ್ರಶ್ನೆ: ಎರಡು ವರ್ಷದಿಂದ ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್‌ನಲ್ಲಿದ್ದೇವೆ. ನನಗೀಗ ಏಳು ತಿಂಗಳು. ಬಾಣಂತನಕ್ಕೆ ಹಾಸನದಿಂದ ಅಮ್ಮ ಬರುತ್ತಿದ್ದಾರೆ. ಮಿಕ್ಸಿ, ಟೇಬಲ್ ಟಾಪ್ ಗ್ರೈಂಡರ್, ಹಳೆಯ ಅಲ್ಯೂಮಿನಿಯಂ ಕುಕ್ಕರ್, ಬೆಣ್ಣೆ ಕಾಯಿಸಿದ ತುಪ್ಪ ಎಲ್ಲವನ್ನೂ ಕಟ್ಟಿಟ್ಟಿದ್ದಾರೆ. ನಮ್ಮವರು, "ಎಲ್ಲ ಇಲ್ಲೇ ಸಿಗುತ್ತೆ, ಅತ್ತೆ ಯಾಕೆ ಅಷ್ಟು ಭಾರ ಹೊರಬೇಕು" ಅನ್ನುತ್ತಾರೆ. ಅದನ್ನೇ ಅಮ್ಮನಿಗೆ ಹೇಳಿದರೆ, "ನನ್ನ ಕೈಯಡುಗೆ ಬೇಡವಾಯಿತೇನೋ" ಎಂದು ಎರಡು ದಿನ ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ. ನಮ್ಮದು ಗ್ಯಾಸ್ ಇಲ್ಲದ ಮನೆ, ಇಂಡಕ್ಷನ್ ಒಲೆ. ಏನು ತರಲು ಹೇಳಲಿ? ಹೇಗೆ ಹೇಳಲಿ?
– ಓದುಗಿ, ಆಮ್ಸ್ಟೆಲ್‌ವೀನ್

ಉತ್ತರ: ತಂಗೀ, ನಿಮ್ಮ ಮನೆಯಲ್ಲಿ ಯಾರ ಮಾತೂ ತಪ್ಪಲ್ಲ. ಅಳಿಯನಿಗೆ ಅತ್ತೆಯ ಬೆನ್ನಿನ ಚಿಂತೆ, ಅಮ್ಮನಿಗೆ ಮಗಳ ಹೊಟ್ಟೆಯ ಚಿಂತೆ. ಆದ್ದರಿಂದ "ಬೇಕಾ, ಬೇಡವಾ" ಎಂಬ ಮಾತು ಬಿಟ್ಟು, ಒಂದೊಂದೇ ವಸ್ತುವನ್ನು ಕೈಗೆತ್ತಿಕೊಂಡು ಎರಡು ಪ್ರಶ್ನೆ ಕೇಳಿ: ನಮ್ಮ ಒಲೆಯ ಮೇಲೆ, ನಮ್ಮ ಕರೆಂಟಿಗೆ ಇದು ನಡೆಯುತ್ತದೆಯೇ? ಕೆಟ್ಟರೆ ಸರಿ ಮಾಡಿಸಲು ದಾರಿ ಇದೆಯೇ?

ಮೊದಲು ಮಿಕ್ಸಿ. ಹಾಸನದಲ್ಲೂ ಆಮ್ಸ್ಟೆಲ್‌ವೀನ್‌ನಲ್ಲೂ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಸ್. ಹಾಗಾಗಿ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಒಣ ಮೆಣಸಿನಕಾಯಿ, ಕೊಬ್ಬರಿ, ಮೆಂತ್ಯ ಪುಡಿ ಮಾಡಲು ನಮ್ಮ ಮಿಕ್ಸಿಗೆ ಸಾಟಿಯಿಲ್ಲ, ಖಂಡಿತ ಬರಲಿ. ಜೊತೆಗೆ ಒಂದು ಜೋಡಿ ಕಪ್ಲರ್, ಜಾರ್ ಮುಚ್ಚಳದ ವಾಷರ್ ಇರಲಿ. ಅಂಗೈಯಷ್ಟೂ ಜಾಗ ಹಿಡಿಯದ ಇವು ಇಲ್ಲಿ ಸಿಗುವುದು ಕಷ್ಟ. ಬ್ಲೇಡ್ ಇರುವ ಜಾರ್‌ಗಳು ಚೆಕ್-ಇನ್ ಸಾಮಾನಿನಲ್ಲೇ ಇರಬೇಕು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ನಮ್ಮ ಪ್ಲಗ್ಗಿಗೆ ಮೂರು ಪಿನ್ನು. ಇಲ್ಲಿನ ಸಾಕೆಟ್ಟಿಗೆ ಎರಡೇ ತೂತು, ಅರ್ತ್ ಇರುವುದು ಅಂಚಿನ ಎರಡು ಲೋಹದ ಪಟ್ಟಿಗಳಲ್ಲಿ. ದಪ್ಪ ಪಿನ್ನನ್ನು ಹೇಗೋ ತುರುಕಿದರೆ ಮಿಕ್ಸಿ ತಿರುಗೀತು, ಆದರೆ ಅರ್ತ್ ಸಿಗದು. ಒದ್ದೆ ಕೈಯಲ್ಲಿ ಚಟ್ನಿ ರುಬ್ಬುವ ಅಮ್ಮನಿಗೆ ಅದು ಅಪಾಯ. ತಿಳಿದವರಿಂದ ಅರ್ತ್ ಇರುವ ಇಲ್ಲಿನ ಪ್ಲಗ್ ಹಾಕಿಸಿ, ಇಲ್ಲವೇ ಅಂಚಿನಲ್ಲಿ ಲೋಹದ ಪಟ್ಟಿ ಇರುವ ಅಡಾಪ್ಟರ್ ಕೊಳ್ಳಿ. ಹಳೆಯ ಮನೆಗಳ ಹಾಲ್, ರೂಮುಗಳಲ್ಲಿ ಅರ್ತ್ ಇಲ್ಲದ ಸಾಕೆಟ್ಟುಗಳೂ ಇರುತ್ತವೆ. ಮಿಕ್ಸಿ ಅಡುಗೆಮನೆಯಲ್ಲೇ ಇರಲಿ.

ಗ್ರೈಂಡರ್ ಬೇಡ. ಕಲ್ಲಿನ ಭಾರ ಒಂದು ಕಡೆ, ಬೆಲ್ಟು ಹರಿದರೆ ಹುಡುಕಾಟ ಇನ್ನೊಂದು ಕಡೆ. ಮೂರು ಜನರ ದೋಸೆ ಹಿಟ್ಟಿಗೆ ಮಿಕ್ಸಿ ಸಾಕು. ಹಿಟ್ಟು ಹುದುಗುವುದಿಲ್ಲ ಎಂಬುದು ಚಳಿ ದೇಶದ ಎಲ್ಲ ಅಡುಗೆಮನೆಗಳ ದೂರು. ಪಾತ್ರೆಯನ್ನು ಓವನ್ ಒಳಗಿಟ್ಟು, ಬರೀ ದೀಪ ಉರಿಸಿ ಬಾಗಿಲು ಮುಚ್ಚಿ. 25 ವ್ಯಾಟ್ ದೀಪ ರಾತ್ರಿ ಹತ್ತು ಗಂಟೆ ಉರಿದರೆ ಕಾಲು ಯೂನಿಟ್. ಬೆಳಿಗ್ಗೆ ಯಾರೂ ನೋಡದೆ ಓವನ್ ಹಾಕದಂತೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ.

ಇನ್ನು ಕುಕ್ಕರ್. ಇಂಡಕ್ಷನ್ ಒಲೆ ಕಾಯಿಸುವುದು ಮ್ಯಾಗ್ನೆಟ್ ಹಿಡಿಯುವ ತಳವನ್ನು ಮಾತ್ರ. ಬರೀ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಅಲ್ಲಿ ಕೆಲಸಕ್ಕೆ ಬಾರವು. ಸ್ಟೀಲ್ ಎಂದು ಕರೆಸಿಕೊಂಡ ಎಲ್ಲ ಪಾತ್ರೆಯೂ ಕಾಯುವುದಿಲ್ಲ. ಅಮ್ಮ ಹಾಸನದಲ್ಲೇ ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಕೊಳ್ಳಲಿ, ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಹೆಚ್ಚಿಗೆ ತರಲಿ. ಈ ದೇಶದಲ್ಲಿ 2022ರ ಜುಲೈ 1ರಿಂದ ಮನೆಯ ಪ್ರತಿ ಮಹಡಿಯಲ್ಲೂ ಹೊಗೆ ಪತ್ತೆ ಮಾಡುವ ಅಲಾರ್ಮ್ ಕಡ್ಡಾಯ. ಒಗ್ಗರಣೆಗೆ ಮೊದಲು ಚಿಮಣಿ ಫ್ಯಾನ್ ಹಾಕುವುದನ್ನು ಅಮ್ಮನಿಗೆ ಮೊದಲ ದಿನವೇ ತೋರಿಸಿ. ಇಲ್ಲವಾದರೆ ಮೆಣಸಿನಕಾಯಿ ಘಾಟಿಗೆ ಅಲಾರ್ಮ್ ಕಿರುಚಿಕೊಂಡು ಮಗು ಬೆಚ್ಚಿಬೀಳುತ್ತದೆ.

ತುಪ್ಪ ಬೇಡವೇ ಬೇಡ. ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಅಮ್ಮನ ತುಪ್ಪ ಕಸದ ಬುಟ್ಟಿ ಸೇರಿದರೆ ಆ ನೋವು ಬಾಣಂತನ ಮುಗಿದರೂ ಹೋಗದು. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿಗೆ ಮಾತ್ರ ಆ ಪತ್ರ ಬೇಡ. ತುಪ್ಪ, ಕರಿಬೇವು ನಿಮ್ಮೂರಿನ ಇಂಡಿಯನ್ ಅಂಗಡಿಯಲ್ಲಿ ಕೊಳ್ಳಿ. ಬೆಣ್ಣೆಯೂ ಇಲ್ಲಿ ಹೇರಳ, ಅಮ್ಮನೇ ಕಾಯಿಸಿಕೊಡಲಿ.

ಕೆಟಲ್, ರೈಸ್ ಕುಕ್ಕರ್‌ಗಳನ್ನು ಇಲ್ಲೇ ಕೊಳ್ಳಿ. ಯುರೋಪಿನಲ್ಲಿ ಹೊಸ ವಸ್ತುವಿನ ದೋಷಕ್ಕೆ ಮಾರಿದ ಅಂಗಡಿಯೇ ಕನಿಷ್ಠ ಎರಡು ವರ್ಷ ಹೊಣೆ, ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದೊಳಗೆ ಹಿಂದಿರುಗಿಸುವ ಹಕ್ಕೂ ಇದೆ. ಬಿಲ್ಲಿನ ಫೋಟೊ ತೆಗೆದಿಡಿ. ಮಿಕ್ಸಿ ಕೆಟ್ಟರೆ ರಿಪೇರಿ ಕೆಫೆಗೆ ಒಯ್ಯಿರಿ. ಸ್ವಯಂಸೇವಕರು ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿ ಮಾಡಿಕೊಡುವ ಈ ಪದ್ಧತಿ 2009ರಲ್ಲಿ ನಿಮ್ಮ ಪಕ್ಕದ ಆಮ್‌ಸ್ಟರ್‌ಡ್ಯಾಮಿನಲ್ಲೇ ಶುರುವಾದದ್ದು.

ಹೇಗೆ ಹೇಳುವುದು ಎಂದಿರಿ. ಹೇಳಬೇಡಿ, ಅಮ್ಮನ ಕೈಗೇ ಪರೀಕ್ಷೆ ಕೊಡಿ. ಭಾನುವಾರ ವಿಡಿಯೊ ಕಾಲ್ ಮಾಡಿ, "ಅಮ್ಮಾ, ಫ್ರಿಜ್ ಮೇಲಿನ ಮ್ಯಾಗ್ನೆಟ್ ತಗೊಂಡು ಒಂದೊಂದೇ ಪಾತ್ರೆಯ ತಳಕ್ಕೆ ಇಟ್ಟು ನೋಡು" ಅನ್ನಿ. ಕುಕ್ಕರಿನಿಂದ ಅದು ಜಾರಿ ಬೀಳುತ್ತದೆ, ನೀವು ಬಾಯಿ ಬಿಡಬೇಕಿಲ್ಲ. ಆಮೇಲೆ ದೋಸೆ ಕಾವಲಿ ತರಿಸಿ. ವರ್ಷಗಟ್ಟಲೆ ಎಣ್ಣೆ ಕುಡಿದ ಆ ಕಬ್ಬಿಣಕ್ಕೆ ಮ್ಯಾಗ್ನೆಟ್ ಟಪ್ಪನೆ ಕಚ್ಚಿಕೊಳ್ಳುತ್ತದೆ. ತಳ ಚಪ್ಪಟೆಯಾಗಿದ್ದರೆ ಅದು ನಿಮ್ಮ ಒಲೆಯ ಮೇಲೂ ಕಾಯುತ್ತದೆ. ಗಾಜಿನ ಮೇಲೆ ಎಳೆಯದೆ ಎತ್ತಿಡಿ, ಸಣ್ಣ ಉರಿಯಿಂದ ಶುರು ಮಾಡಿ. ಅಮ್ಮ ಪಳಗಿಸಿದ ಅಂಥ ಕಾವಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. "ಇದನ್ನು ಮಾತ್ರ ಮರೀಬೇಡಮ್ಮಾ" ಅನ್ನಿ.